ರೌಂಡ್ ರೈಲಿನ ಮೇಲೆ ಕ್ಯಾರೇಜ್ ಅಲುಗದ ಹಾಗೆ ನಿಲ್ಲಿಸುವುದು ಹೇಗೆ?

ಪ್ರಶ್ನೆ: 16 ಎಂಎಂ ದಪ್ಪದ ಎರಡು ರೌಂಡ್ ರೈಲುಗಳ (ದುಂಡನೆಯ ಉಕ್ಕಿನ ಕಂಬಿಗಳು) ಮೇಲೆ ಓಡುವ ಕ್ಯಾರೇಜಿಗೆ ಮರ ಕೊರೆಯುವ ರೂಟರ್ ಕೂರಿಸಿದ್ದೇನೆ. ಎಸ್‌ಬಿಆರ್ 16 ಅಂತಾರಲ್ಲ, ರೈಲಿನ ಕೆಳಗೆ ಉದ್ದಕ್ಕೂ ಅಲ್ಯೂಮಿನಿಯಂ ಆಸರೆ ಇರುವಂಥದ್ದು. ಮರಕ್ಕೆ ಅಡ್ಡಲಾಗಿ ತೋಡು ಕೊರೆಯುವಾಗ ಕ್ಯಾರೇಜ್ ಮೆಲ್ಲಗೆ ಸರಿದುಬಿಡುತ್ತದೆ. ಬೇಕಾದ ಕಡೆ ಲಾಕ್ ಮಾಡಿ ಮತ್ತೆ ಬಿಚ್ಚಬೇಕು. ಯಾರಾದರೂ ಮಾಡಿದ್ದೀರಾ?

ಉತ್ತರ: ಕ್ಯಾರೇಜನ್ನು ಹೊತ್ತು ರೈಲಿನ ಮೇಲೆ ಓಡುವ ಬೇರಿಂಗ್ ಬ್ಲಾಕಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದಲ್ವಾ, ದಯವಿಟ್ಟು ಅದನ್ನು ಬಿಗಿ ಮಾಡಿ ನಿಲ್ಲಿಸಲು ಹೋಗಬೇಡಿ. ಅದು ಇರುವುದು ಬೇರಿಂಗಿನ ಸಡಿಲ ತೆಗೆಯಲು. ನಾನು ಅದನ್ನೇ ಬ್ರೇಕ್ ಮಾಡಿಕೊಂಡಿದ್ದೆ. ಸ್ವಲ್ಪ ದಿನಕ್ಕೆ ಕ್ಯಾರೇಜ್ ಕಟಕಟ ಅನ್ನತೊಡಗಿತು. ಒಳಗಿನ ಬಾಲ್‌ಗಳು ರೈಲನ್ನು ಮುಟ್ಟುವುದೇ ಚುಕ್ಕೆಯಷ್ಟು ಜಾಗದಲ್ಲಿ. ಬಲವೆಲ್ಲ ಅಲ್ಲೇ ಬಿದ್ದರೆ ಗುಳಿ ಬೀಳುತ್ತದೆ. ಬೋಲ್ಟಿನ ತುದಿಯನ್ನು ನೇರ ರೈಲಿಗೆ ಒತ್ತುವುದೂ ಬೇಡ. ರೈಲಿನ ಮೇಲ್ಮೈ ಗಟ್ಟಿ, ತುದಿ ಜಾರುತ್ತದೆ.

ನನಗೆ ಕೆಲಸಕ್ಕೆ ಬಂದದ್ದು ರೈಲನ್ನು ಕಚ್ಚಿ ನಿಲ್ಲುವ ಬೇರೆಯೇ ಒಂದು ಹಿಡಿ (ಕ್ಲ್ಯಾಂಪ್). ದಪ್ಪ ಅಲ್ಯೂಮಿನಿಯಂ ತುಂಡು ತೆಗೆದುಕೊಳ್ಳಿ. ಪಕ್ಕದಿಂದ ಒಂದು ತೂತು ಹಾಕಿ, ಅದರೊಳಗೆ ಹಿತ್ತಾಳೆ ರಾಡಿನ ತುಂಡು ಕೂರಿಸಿ. ಆಮೇಲೆ ಆ ತುಂಡಿನಲ್ಲಿ ರೈಲು ಹಾಯುವ ತೂತನ್ನು 15.5 ಎಂಎಂ ಡ್ರಿಲ್‌ನಲ್ಲಿ ಕೊರೆದು, 16ರ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಓಡಿಸಿ. ಹಿತ್ತಾಳೆಯ ಮುಖಕ್ಕೂ ರೈಲಿನದೇ ಬಾಗು ಬಂದುಬಿಡುತ್ತದೆ. ಕೊನೆಗೆ, ಆಸರೆ ಹಾಯುವಷ್ಟು ಅಗಲಕ್ಕೆ ಕೆಳಭಾಗ ಕತ್ತರಿಸಿ ತೆಗೆಯಿರಿ. ಹಿತ್ತಾಳೆಯ ಹಿಂದೆ ಹ್ಯಾಂಡಲ್ ಇರುವ ಬೋಲ್ಟ್. ತಿರುಗಿಸಿದರೆ ಒಂದು ಕಡೆ ಹಿತ್ತಾಳೆ, ಎದುರು ಕಡೆ ತುಂಡಿನ ಗೋಡೆ, ನಡುವೆ ರೈಲು. ಒತ್ತುವುದು ಪಕ್ಕದಿಂದಲೇ ಇರಲಿ. ಕೆಳಗೆ ತೆರೆದಿರುವುದರಿಂದ ಮೇಲಿಂದ ಒತ್ತಿದರೆ ಹಿಡಿ ಮೇಲಕ್ಕೆ ಏಳುತ್ತದೆ, ಆ ಎಳೆತ ಮತ್ತೆ ಬೇರಿಂಗಿಗೇ ಬೀಳುತ್ತದೆ.

ನನಗೆ ತಡವಾಗಿ ಹೊಳೆದದ್ದು ಇನ್ನೊಂದು. ಹಿಡಿಯನ್ನು ಕ್ಯಾರೇಜಿಗೆ ನೇರವಾಗಿ ಬಿಗಿದಿದ್ದೆ. ಲಾಕ್ ಮಾಡಿದಾಗಲೆಲ್ಲ ರೂಟರ್ ಕೂದಲೆಳೆಯಷ್ಟು ಪಕ್ಕಕ್ಕೆ ಹೋಗುತ್ತಿತ್ತು. ಈಗ ನಡುವೆ 1 ಎಂಎಂ ಉಕ್ಕಿನ ಗಿಡ್ಡ ಪಟ್ಟಿ ಹಾಕಿದ್ದೇನೆ. ಪಟ್ಟಿ ರೈಲಿನ ಉದ್ದಕ್ಕೇ, ಅಂಚಿನ ಮೇಲೆ ನಿಂತಿದೆ. ಪಕ್ಕಕ್ಕೆ ಬಾಗುತ್ತದೆ, ಉದ್ದಕ್ಕೆ ಬಗ್ಗುವುದಿಲ್ಲ. ಹಿಡಿ ತನ್ನ ಜಾಗ ತಾನೇ ನೋಡಿಕೊಳ್ಳುತ್ತದೆ, ಕ್ಯಾರೇಜ್ ಕದಲುವುದಿಲ್ಲ.

ಇನ್ನೊಬ್ಬರು: ಇದಕ್ಕೆ ಒಂದು ಸೇರಿಸುತ್ತೇನೆ. ರೈಲುಗಳ ನಡುವೆ ಅಂತರ ಜಾಸ್ತಿ ಇದ್ದರೆ ಎರಡೂ ಕಡೆ ಹಿಡಿ ಹಾಕಿ. ಒಂದೇ ಕಡೆ ಹಿಡಿದರೆ ಆಚೆ ಬದಿ ಸ್ವಲ್ಪ ತಿರುಗುತ್ತದೆ. ನನ್ನ ರೈಲಿಗೆ ತುದಿಗಳಲ್ಲಿ ಮಾತ್ರ ಆಸರೆ ಇತ್ತು, ಹಾಗಾಗಿ ಎರಡು ಹೋಳಿನ ಕಾಲರ್ (ರೈಲನ್ನು ಸುತ್ತುವ ಬಳೆ) ಕೂರಿಸಿದೆ. ಸುತ್ತಲೂ ಸಮನಾಗಿ ಹಿಡಿಯುತ್ತದೆ, ಗೀರು ಬೀಳುವುದಿಲ್ಲ. ಆಸರೆ ಉದ್ದಕ್ಕೂ ಇರುವ ರೈಲಿಗೆ ಅದು ಹಿಡಿಸುವುದಿಲ್ಲ. ಮತ್ತೆ, ಹಿಡಿ ಕೂರುವ ಜಾಗದ ಎಣ್ಣೆ ಬಟ್ಟೆಯಲ್ಲಿ ಒರೆಸಿ ಲಾಕ್ ಮಾಡಿ.

ಕೇಳಿದವರು: ಆ ಪಕ್ಕದ ಸ್ಕ್ರೂ ನಾನು ಆಗಲೇ ಬಿಗಿ ಮಾಡಿಬಿಟ್ಟಿದ್ದೇನೆ. ರೈಲು ಹಾಳಾಗಿದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ಸ್ಕ್ರೂ ಸಡಿಲಿಸಿ, ಕ್ಯಾರೇಜನ್ನು ಎರಡು ಬೆರಳಲ್ಲಿ ಮೆಲ್ಲಗೆ ತಳ್ಳಿ ನೋಡಿ. ಪ್ರತಿ ಸಲ ಅದೇ ಜಾಗದಲ್ಲಿ ತಡೆದರೆ ರೈಲಿಗೆ ಗುಳಿ ಬಿದ್ದಿದೆ. ಉದ್ದಕ್ಕೂ ಒರಟಾಗಿ ಓಡಿದರೆ ಬೇರಿಂಗಿನ ಮೇಲೆ ಅನುಮಾನ, ಅದನ್ನು ಬದಲಿಸಿ ನೋಡಿ.