ಹಳೆಯ ಓಮ್ನಿ: ತಪಾಸಣೆಯಲ್ಲಿ ಸಿಕ್ಕಿದ್ದು ಮೂರೇ ದೋಷ. ಉಳಿದದ್ದೆಲ್ಲ ಸರಿಯಿದೆ ಎಂದು ನಂಬಬಹುದೇ?

ಪ್ರಶ್ನೆ (ಮಲ್ಪೆಯಿಂದ)

ನಮ್ಮ ಮನೆಯ ಓಮ್ನಿ 2010ರ ಡಿಸೆಂಬರ್‌ನಲ್ಲಿ ನೋಂದಣಿಯಾದದ್ದು. ಪೆಟ್ರೋಲ್ ಗಾಡಿ, ಐದು ಸೀಟು, ಬಿಳಿ ಬಣ್ಣ. ಅಪ್ಪ ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ಹದಿನೈದು ವರ್ಷ ತುಂಬುತ್ತಿರುವುದರಿಂದ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ ಕಟ್ಟಿ ಕಳೆದ ವಾರ ತಪಾಸಣೆಗೆ ಒಯ್ದೆ. ಇನ್‌ಸ್ಪೆಕ್ಟರ್ ಹತ್ತು ನಿಮಿಷ ನೋಡಿ ಮೂರು ದೋಷ ಹೇಳಿದರು. ಬಲಗಡೆಯ ಹೆಡ್‌ಲೈಟ್ ಮಂಕಾಗಿದೆ, ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಹಿಂದಿನ ಒಂದು ಟೈರ್ ಸವೆದಿದೆ. ಸರಿಪಡಿಸಿ ತರಲು ಹೇಳಿ ಕಳುಹಿಸಿದರು.

ಈ ಮೂರನ್ನು ಸರಿಪಡಿಸುವುದು ಕಷ್ಟವಲ್ಲ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಅದು ಅವರ ಗಮನಕ್ಕೆ ಬರಲಿಲ್ಲ. ನಾನಾಗಿಯೇ ಹೇಳಿದಾಗ, "ಮೇಸ್ತ್ರಿಗೆ ತೋರಿಸಿ" ಎಂದರು, ಅಷ್ಟೇ. ಅಮ್ಮನ ತವರು ತೀರ್ಥಹಳ್ಳಿ. ಎರಡು ತಿಂಗಳಿಗೊಮ್ಮೆಯಾದರೂ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿ ಇಳಿಯಬೇಕು. ಹಾಗಾಗಿ ಕೇಳುತ್ತಿದ್ದೇನೆ: ತಪಾಸಣೆಯಲ್ಲಿ ಪಾಸಾದರೆ ಗಾಡಿ ನಿಜಕ್ಕೂ ಘಾಟಿಗೆ ಯೋಗ್ಯವೇ? ಈ ವಯಸ್ಸಿನ ಓಮ್ನಿಯಲ್ಲಿ ಸಾಮಾನ್ಯವಾಗಿ ಏನೇನು ಕೈಕೊಡುತ್ತದೆ?

ಉತ್ತರ (ದಾವಣಗೆರೆಯಿಂದ)

ನಾನು ಕಳೆದ ವರ್ಷ ಇದೇ ಕೆಲಸ ಮಾಡಿಸಿದ್ದೇನೆ. ಹೇಳಿದ ಮೂರನ್ನು ಸರಿಪಡಿಸಿ ಆರ್‌ಸಿ ಪಡೆದುಕೊಳ್ಳಿ. ಈಗ ಸಿಗುವುದು ಐದು ವರ್ಷ. ಗಾಡಿಗೆ 20 ವರ್ಷ ದಾಟಿದ ಮೇಲೆ ಶುಲ್ಕವೇ 10,000 ರೂಪಾಯಿ. ಅಷ್ಟು ಹಳೆಯ ಗಾಡಿಗೆ ಈಗ ಹೆಚ್ಚು ಹಣ ಸುರಿಯುವುದು ನಷ್ಟ. ಗ್ಯಾಸ್ ಕಿಟ್ ಇದ್ದರೆ ಮಾತ್ರ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿಕೊಳ್ಳಿ. ನನ್ನನ್ನು ಅದಕ್ಕೇ ಒಮ್ಮೆ ವಾಪಸ್ ಕಳುಹಿಸಿದ್ದರು.

ಉತ್ತರ (ಕಾರ್ಕಳದ ಹಳೆಯ ಮೇಸ್ತ್ರಿ)

ದಾವಣಗೆರೆಯವರ ಮಾತು ಒಣ ಊರಿಗೆ ಸರಿ. ಮಲ್ಪೆಯ ಗಾಡಿಗೆ ನಾನು ಹಾಗೆ ಹೇಳಲಾರೆ. ಮೂವತ್ತು ವರ್ಷ ಈ ಕರಾವಳಿಯ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದ್ದೇನೆ. ಉಪ್ಪುಗಾಳಿ ಮತ್ತು ಮಳೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ತಮ್ಮಾ, ಕಣ್ಣಳತೆಯ ತಪಾಸಣೆಯಲ್ಲಿ ಡ್ರಮ್ (ಹಿಂದಿನ ಚಕ್ರದ ಬ್ರೇಕ್ ಮುಚ್ಚಿರುವ ಡಬ್ಬಿ) ಬಿಚ್ಚುವುದಿಲ್ಲ, ಮ್ಯಾಟ್ ಎತ್ತುವುದಿಲ್ಲ. ರೋಲರ್ ಮೇಲೆ ಚಕ್ರ ತಿರುಗಿಸಿ ಅಳೆಯುವ ಯಂತ್ರವಿದ್ದಲ್ಲಿ ಎಡ ಬಲದ ಬ್ರೇಕ್ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲೂ ತುಕ್ಕು ತಿಳಿಯುವುದಿಲ್ಲ. ಆ ದಿನ ಕಣ್ಣಿಗೆ ಬಿದ್ದದ್ದನ್ನು ಅವರು ಬರೆದಿದ್ದಾರೆ, ತಪ್ಪು ಬರೆದಿಲ್ಲ. ಬರೆಯದೆ ಉಳಿದದ್ದನ್ನು ನೀವು ಹುಡುಕಬೇಕು.

ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆ ಬ್ರೇಕ್ ಕಡಿಮೆ ಹಿಡಿಯುತ್ತಿದೆ ಎಂದು ನನ್ನ ಅನುಮಾನ. ಮುಂದಿನ ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಜಾಮ್ ಆಗಿರಬಹುದು. ಹಿಂದಿನ ಬಲ ಡ್ರಮ್ ತೆಗೆಸಿ, ಅದರೊಳಗೆ ಬ್ರೇಕನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯನ್ನು ಬೆರಳಿನಿಂದ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರಿ, ಡ್ರಮ್‌ಗೆ ಉಜ್ಜಿ ಹಿಡಿಯುವ ಪಟ್ಟಿಗೆ, ಅಂದರೆ ಲೈನರ್‌ಗೆ, ಇಳಿಯುತ್ತಿದೆ. ಹ್ಯಾಂಡ್‌ಬ್ರೇಕ್ ಹಿಡಿಯದಿರುವುದಕ್ಕೂ ಅದೇ ಕಾರಣವಿರಬಹುದು. ಕೇಬಲ್ ಬಿಗಿಸಿ ಪಾಸು ಮಾಡಿಸಿಕೊಂಡರೆ ಕಾಯಿಲೆ ಒಳಗೇ ಉಳಿಯುತ್ತದೆ. ಟೈರ್‌ನ ಹಲ್ಲು 1.6 ಮಿಲಿಮೀಟರ್‌ಗಿಂತ ಕಡಿಮೆ ಇರಕೂಡದು. ಒಂದೇ ಅಂಚು ಸವೆದಿದ್ದರೆ ಹೊಸ ಟೈರ್ ಹಾಕುವ ಮೊದಲು ಕಾರಣ ಕೇಳಿ. ಹೆಡ್‌ಲೈಟ್‌ಗೆ ಬಲ್ಬ್ ಬದಲಿಸಿದರಷ್ಟೇ ಸಾಲದಿರಬಹುದು. ಒಳಗಿನ ಬೆಳ್ಳಿಬಣ್ಣ ಹೋಗಿದ್ದರೆ ಇಡೀ ಲೈಟನ್ನೇ ಬದಲಿಸಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೆಲ. ಓಮ್ನಿಯಲ್ಲಿ ಎಂಜಿನ್ ಸೀಟಿನ ಅಡಿಯಲ್ಲಿದೆ, ಕಾಲಿನ ಮುಂದೆ ತಗಡು ಬಿಟ್ಟರೆ ಬೇರೇನೂ ಇಲ್ಲ. ಮ್ಯಾಟ್ ಪೂರ್ತಿ ತೆಗೆದು ಪೆಡಲ್ ಕೆಳಗೆ, ಜಾರುವ ಬಾಗಿಲಿನ ಕೆಳಗಿನ ಹಳಿಯ ಬದಿಯಲ್ಲಿ, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಆ ಗಾಡಿಯಲ್ಲಿ ಯಾವತ್ತಾದರೂ ಮೀನು ತಂದಿದ್ದೀರಾ?

ಮಲ್ಪೆಯಿಂದ ಮತ್ತೆ

ಮೇಸ್ತ್ರಿಗಳೇ, ನಿಮ್ಮ ಕೊನೆಯ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಮನೆಯಲ್ಲಿ ಏನೇ ಕಾರ್ಯಕ್ರಮವಿದ್ದರೂ ಅಪ್ಪ ಬಂದರಿನಿಂದ ಮೀನಿನ ಬುಟ್ಟಿಯನ್ನು ಇದರಲ್ಲೇ ತರುತ್ತಿದ್ದರು. ಮಂಜುಗಡ್ಡೆ ಕರಗಿದ ನೀರೆಲ್ಲ ಮ್ಯಾಟ್‌ನ ಅಡಿಗೇ ಹೋಗುತ್ತಿತ್ತು.

ಇವತ್ತು ಬೆಳಿಗ್ಗೆ ಮ್ಯಾಟ್ ತೆಗೆದೆ. ಪೆಡಲ್‌ಗಳ ಕೆಳಗೆ ಗಟ್ಟಿಯಿದೆ. ಹಿಂದಿನ ಸೀಟಿನ ಮುಂದೆ, ಎಡಬದಿಯಲ್ಲಿ, ಬಣ್ಣ ಗುಳ್ಳೆ ಎದ್ದಿತ್ತು. ಮೆಲ್ಲಗೆ ತಟ್ಟಿದ್ದಕ್ಕೇ ಸ್ಕ್ರೂಡ್ರೈವರ್ ಒಳಗೆ ಹೋಯಿತು. ಅಲ್ಲಿದ್ದ ಚೂರುಗಳನ್ನು ಬಿಡಿಸಿದರೆ ಅಂಗೈಯಷ್ಟು ಅಗಲದ ತೂತು, ಅದರೊಳಗಿಂದ ಅಂಗಳದ ಮರಳು ಕಾಣಿಸಿತು. ಅಮ್ಮ ಪ್ರತಿ ಸಲ ಕಾಲಿಟ್ಟು ಕೂರುವ ಜಾಗ ಅದು.

ಮಧ್ಯಾಹ್ನ ಇಲ್ಲಿನ ಗ್ಯಾರೇಜಿಗೆ ಬಿಟ್ಟೆ. ಬಲ ಡ್ರಮ್ ಬಿಚ್ಚಿದಾಗ ಲೈನರ್ ಕಪ್ಪಾಗಿ ಒದ್ದೆಯಾಗಿತ್ತು, ನೀವು ಹೇಳಿದಂತೆಯೇ. ಎರಡೂ ಕಡೆಯ ವೀಲ್ ಸಿಲಿಂಡರ್ ಮತ್ತು ಲೈನರ್ ಬದಲಿಸಲು ಹೇಳಿದ್ದೇನೆ. ನೆಲಕ್ಕೆ ಹಳೆಯ ತಗಡು ಕತ್ತರಿಸಿ ಹೊಸದನ್ನು ಬೆಸೆಯಲು ನಾಲ್ಕು ದಿನ ಬೇಕಂತೆ. ಮರುತಪಾಸಣೆಗೆ ಆಮೇಲೆಯೇ ಹೋಗುತ್ತೇನೆ. ಅಲ್ಲಿಯವರೆಗೆ ತೀರ್ಥಹಳ್ಳಿಗೆ ಬಸ್ಸಿನಲ್ಲೇ ಹೋಗು ಎಂದು ಅಮ್ಮನಿಗೆ ಹೇಳಿದ್ದೇನೆ. ಹೊಸ ತಗಡಿನ ಮೇಲೆ ಏನು ಹಚ್ಚಿಸಬೇಕು?

ಉತ್ತರ (ಕಾರ್ಕಳದ ಹಳೆಯ ಮೇಸ್ತ್ರಿ)

ಬೆಸುಗೆಯ ಜಾಗವನ್ನು ಚೆನ್ನಾಗಿ ಉಜ್ಜಿಸಿ, ಎರಡೂ ಬದಿಗೆ ಪ್ರೈಮರ್ ಹಚ್ಚಿಸಿ. ಪೂರ್ತಿ ಒಣಗಿದ ಮೇಲೆ ಗಾಡಿಯ ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗುವ ಸಣ್ಣ ರಂಧ್ರಗಳಿವೆ. ಕೋಟಿಂಗ್ ಹೊಡೆಯುವವರು ಅವನ್ನು ಮುಚ್ಚಿಬಿಡುತ್ತಾರೆ. ಗಾಡಿ ತರುವ ಮೊದಲು ಒಂದು ತಂತಿ ಹಾಕಿ ನೋಡಿ.