ಬ್ಯಾಚ್ ಗುಂಪಿನಲ್ಲಿ ಒಂದು ಸ್ಕ್ರೀನ್‌ಶಾಟ್: ಹಳೇ ಗೇಮ್, ಹೊಸ ಮಾನಿಟರ್

(ಗುಂಪಿನ ಮೂವರು ಗೆಳೆಯರು ಇಲ್ಲಿ ತಮ್ಮ ಊರು, ಬಡಾವಣೆಯ ಹೆಸರಲ್ಲಿದ್ದಾರೆ.)

ಮಂಡ್ಯ: (ಫೋಟೋ) ಹೊಸ ಮಾನಿಟರ್ ಬಂತು, 1920×1080! ಮೊದಲು ಹಾಕಿದ್ದೇ ಏಜ್ ಆಫ್ ಎಂಪೈರ್ಸ್ 2. ಸ್ಕ್ರೀನ್ ತುಂಬಾ ಬಂದಿದೆ, ನೋಡಿ.

ಸರಸ್ವತಿಪುರಂ: ಸೂಪರ್ ಕಣೋ! ಸೈಬರ್ ಸೆಂಟರ್ ದಿನಗಳು ನೆನಪಾದವು.

ಕುವೆಂಪುನಗರ: ಮಾನಿಟರ್ ಚೆನ್ನಾಗಿದೆ. ಆದರೆ ಚಿತ್ರ ಅಡ್ಡಕ್ಕೆ ಎಳೆದುಕೊಂಡಿದೆ, ಕುದುರೆಗಳನ್ನು ನೋಡು. ಗೇಮ್‌ನ ರೆಸಲ್ಯೂಷನ್, ಅಂದರೆ ಅಡ್ಡಕ್ಕೆ-ಉದ್ದಕ್ಕೆ ಚುಕ್ಕಿಗಳ (ಪಿಕ್ಸೆಲ್) ಲೆಕ್ಕ, ಎಷ್ಟಿದೆ?

ಮಂಡ್ಯ: 800×600. ಅದರಲ್ಲೇ ಅಲ್ವಾ ನಾವು ಆಡುತ್ತಿದ್ದದ್ದು? ಇಷ್ಟು ದುಡ್ಡು ಕೊಟ್ಟು ತಂದ ಮೇಲೆ ಎರಡೂ ಕಡೆ ಕಪ್ಪು ಪಟ್ಟಿ ಯಾಕೆ ಬಿಡಲಿ?

ಕುವೆಂಪುನಗರ: ಯಾಕೆಂದರೆ ಆ ಗೇಮ್ ಅಗಲ-ಎತ್ತರ 4:3 ಇರುವ ಸ್ಕ್ರೀನ್‌ಗೆ ಬರೆದದ್ದು, ನಿನ್ನದು 16:9. ತುಂಬಿಸಿದರೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದಪ್ಪಗಾಗುತ್ತದೆ. ಪಾಸ್‌ಪೋರ್ಟ್ ಫೋಟೋವನ್ನು ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಎಳೆದ ಹಾಗೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆಸ್ಪೆಕ್ಟ್ ರೇಷಿಯೋ (ಆ ಅಗಲ-ಎತ್ತರದ ಅನುಪಾತ) ಉಳಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕು.

ಮಂಡ್ಯ: ಹಾಕಿದೆ. ಕುದುರೆ ಸರಿಯಾಯ್ತು, ಆದರೆ ಚಿತ್ರ ಇನ್ನೂ ಮಸುಕಾಗೇ ಇದೆ. ಹಳೇ ಡಬ್ಬಾ ಮಾನಿಟರ್‌ನಲ್ಲಿ ಹೀಗಿರಲಿಲ್ಲ.

ಕುವೆಂಪುನಗರ: ಇರಲಿಲ್ಲ, ನಿಜ. ಸಿಆರ್‌ಟಿಗೆ (ಆ ಡಬ್ಬಾ ಮಾನಿಟರ್‌ಗೆ) ಚಿತ್ರದಲ್ಲಿ ಇಷ್ಟೇ ಚುಕ್ಕಿ ಇರಬೇಕೆಂಬ ಕಟ್ಟು ಇರಲಿಲ್ಲ, 640×480 ಕೊಟ್ಟರೂ 1024×768 ಕೊಟ್ಟರೂ ಅದು ತನ್ನ ಅಗಲಕ್ಕೆ ಬರೆದುಕೊಳ್ಳುತ್ತಿತ್ತು. ಎಲ್‌ಸಿಡಿಯಲ್ಲಿ (ನಿನ್ನ ಈಗಿನ ಚಪ್ಪಟೆ ಮಾನಿಟರ್‌ನಲ್ಲಿ) ಪಿಕ್ಸೆಲ್ ಎಷ್ಟಿದೆಯೋ ಅಷ್ಟೇ. 600 ಸಾಲನ್ನು 1080ಕ್ಕೆ ಹಿಗ್ಗಿಸಿದರೆ 1.8 ಪಟ್ಟು. ಒಂದು ಚುಕ್ಕಿಯನ್ನು 1.8 ಚುಕ್ಕಿ ಮಾಡುವುದು ಹೇಗೆ? ಅಕ್ಕಪಕ್ಕದ ಬಣ್ಣ ಕಲಸಬೇಕು. ಆ ಕಲಸುವಿಕೆಯೇ ಮಸುಕು. ಅದೇ 640×480 ಗೇಮ್ ಆದರೆ ಸರಿಯಾಗಿ 2 ಪಟ್ಟು, 1280×960. ಸುತ್ತ ಜಾಗ ಉಳಿಯುತ್ತದೆ, ಆದರೆ ಗೆರೆ ಗೆರೆಯೂ ಚೂಪು.

ಸರಸ್ವತಿಪುರಂ: ಇಷ್ಟೆಲ್ಲ ಯಾಕೆ? ಪ್ಯಾಚ್ (ಗೇಮ್ ತಿದ್ದುವ ಚಿಕ್ಕ ಫೈಲ್) ಹಾಕಿ ನೇರ 1920×1080ರಲ್ಲಿ ಆಡಿದರೆ ಮುಗೀತು. ನಾನು ಹಾಗೇ ಆಡೋದು.

ಕುವೆಂಪುನಗರ: ಕ್ವೇಕ್ ಥರದ 3ಡಿ ಗೇಮ್ ಆದರೆ ನಿನ್ನ ಮಾತು ಒಪ್ಪುತ್ತೇನೆ. ಅಲ್ಲಿ ಚಿತ್ರ ಪ್ರತಿ ಸಲ ಹೊಸದಾಗಿ ಬರೆಯಲ್ಪಡುತ್ತದೆ, ರೆಸಲ್ಯೂಷನ್ ಏರಿಸಿದಷ್ಟೂ ಅಂಚು ನುಣುಪು. ಇದು 2ಡಿ. ಸೈನಿಕನ ಚಿತ್ರ ಇಷ್ಟೇ ಪಿಕ್ಸೆಲ್ ಅಂತ 1999ರಲ್ಲೇ ಬರೆದಿಟ್ಟದ್ದು. ಏರಿಸಿದರೆ ಅವನು ಚೆಂದ ಆಗಲ್ಲ, ಚಿಕ್ಕವನಾಗುತ್ತಾನೆ, ಮ್ಯಾಪ್ ಜಾಸ್ತಿ ಕಾಣುತ್ತದೆ. ಜಾಸ್ತಿ ಕಂಡವನಿಗೆ ಶತ್ರು ಮೊದಲೇ ಸಿಗುತ್ತಾನೆ. ಒಟ್ಟಿಗೆ ಆಡುವಾಗ ಅದು ನ್ಯಾಯವಾ?

ಸರಸ್ವತಿಪುರಂ: ಜಾಸ್ತಿ ಕಾಣೋದು ತಪ್ಪಾ? ಡಯಾಬ್ಲೊ 2 ಮಾಡಿದವರೇ 2000ದಲ್ಲಿ 640×480 ಕೊಟ್ಟು, 2001ರ ಎಕ್ಸ್‌ಪಾನ್ಷನ್‌ನಲ್ಲಿ (ಹೆಚ್ಚುವರಿ ಭಾಗದಲ್ಲಿ) 800×600 ಮಾಡಿದರಲ್ಲ.

ಕುವೆಂಪುನಗರ: ಮಾಡಿದರು, ಎಲ್ಲರಿಗೂ ಒಂದೇ ಮಿತಿ ಇಟ್ಟು ಮಾಡಿದರು. ನೀನು ಒಬ್ಬನೇ ಆಡುವಾಗ ಹೇಗಾದರೂ ಆಡು.

ಮಂಡ್ಯ: ಡೂಮ್ ಕೂಡ ಇದೆ. 320×200, ಅದು 16:10 ಅಲ್ವಾ? ಅದನ್ನಾದರೂ ಅಗಲಕ್ಕೆ ಬಿಡಬಹುದು.

ಕುವೆಂಪುನಗರ: ಇಲ್ಲೇ ಎಲ್ಲರೂ ಎಡವೋದು! ಲೆಕ್ಕಕ್ಕೆ 16:10, ಆದರೆ 1993ರ ಡೂಮ್ ಕಾಣಿಸುತ್ತಿದ್ದದ್ದು 4:3 ಮಾನಿಟರ್ ತುಂಬಾ. ಅಂದರೆ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಚಿತ್ರ ಬರೆದವರು ಅದನ್ನು ನೋಡಿಕೊಂಡೇ ಬರೆದರು. ಡಾಸ್‌ಬಾಕ್ಸ್‌ನಲ್ಲಿ (ಹಳೇ ಡಾಸ್ ಗೇಮ್ ಆಡಿಸುವ ಸಾಫ್ಟ್‌ವೇರ್‌ನಲ್ಲಿ) ಆಸ್ಪೆಕ್ಟ್ ಆನ್ ಮಾಡು. ಮುಂದೆ 4ಕೆ (3840×2160) ಮಾನಿಟರ್ ತಂದರೆ ಅಗಲಕ್ಕೆ 5 ಪಟ್ಟು, ಎತ್ತರಕ್ಕೆ 6 ಪಟ್ಟು, ಸರಿಯಾಗಿ 1600×1200 ಕೂರುತ್ತದೆ.

ಮಂಡ್ಯ: ಸರಿ, ಏಜ್ ಆಫ್ ಎಂಪೈರ್ಸ್‌ಗೆ ಏನು ಇಡಲಿ?

ಕುವೆಂಪುನಗರ: 1024×768, ಸ್ಕೇಲಿಂಗ್ (ಹಿಗ್ಗಿಸುವುದು) ಬೇಡ. ನಡುವೆ ಚಿಕ್ಕದಾಗಿ ಕಾಣುತ್ತದೆ, ಆದರೆ ಮಸುಕು ಇರಲ್ಲ.

ಸರಸ್ವತಿಪುರಂ: ನಾನು 1080 ಬಿಡಲ್ಲ.

ಮಂಡ್ಯ: ಭಾನುವಾರ ಆಡಬೇಕಾದರೆ ಬಿಡು. ಮೂವರೂ 1024.