ಆಸ್ಪತ್ರೆಯ ಬೆಂಚಿನ ಮೇಲೆ ಹೆಣಿಗೆ: ಸಾಗಿಸಿದವರು, ಬಿಟ್ಟವರು

ಕೇಳಿದವರು, ಹಾಸನ: ಅತ್ತೆಯವರಿಗೆ ಪಾರ್ಶ್ವವಾಯು ಬಡಿದು ಆರು ವಾರಗಳಾದವು. ಮೊದಲು ಆಸ್ಪತ್ರೆ, ಈಗ ಮನೆಯಲ್ಲೇ ಆರೈಕೆ. ನಾದಿನಿಗೆ ಪುಷ್ಯದಲ್ಲಿ ಹೆರಿಗೆ. ಮಗುವಿಗೆಂದು ಹಿಡಿದ ಜಡೆ ವಿನ್ಯಾಸದ ಸ್ವೆಟರಿನ ಬೆನ್ನು, ಎದೆ ಮುಗಿದಿವೆ, ತೋಳುಗಳು ಬಾಕಿ. ಕೈಗೆತ್ತಿಕೊಂಡಾಗಲೆಲ್ಲ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತಿರುತ್ತದೆ. ನಾಲ್ಕು ಸಾಲು ಹೆಣೆದು ಆರು ಸಾಲು ಬಿಚ್ಚುತ್ತಿದ್ದೇನೆ. ಇಂಥ ದಿನಗಳಲ್ಲಿ ನೀವೆಲ್ಲ ಏನು ಮಾಡಿದಿರಿ?

ಮೈಸೂರಿನಿಂದ: ನಮ್ಮ ಯಜಮಾನರಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲವೂ 4 ಗಂಟೆ. ಮೊದಮೊದಲು ನಾನೂ ಬಲೆ ವಿನ್ಯಾಸದ ಶಾಲು ಒಯ್ಯುತ್ತಿದ್ದೆ. ನರ್ಸ್ ಹೆಸರು ಕೂಗಿದರೆ ಎದ್ದು ಓಡಬೇಕು, ಬಂದು ಕೂತರೆ ಲೆಕ್ಕ ತಪ್ಪಿರುತ್ತಿತ್ತು. ಶಾಲನ್ನು ಬೇವಿನೆಲೆಯ ಜೊತೆ ಟ್ರಂಕಿಗೆ ಹಾಕಿ ಚೌಕಗಳನ್ನು ಹಿಡಿದೆ. 8ನೇ ನಂಬರಿನ ಕಡ್ಡಿ, ಅಂದರೆ 4 ಮಿ.ಮೀ., 30 ಕುಣಿಕೆ, ಎರಡೂ ಬದಿ ಸೀದಾ, ಅಂದರೆ ದಾರ ಹಿಂದಿಟ್ಟುಕೊಂಡು ಹೆಣೆಯುವುದು. ದಾರ ಮುಂದಿಡುವ ಉಲ್ಟಾ ಇಲ್ಲವೇ ಇಲ್ಲ, ಹಾಗಾಗಿ ಅಂಚು ಸುರುಳಿಯಾಗುವುದಿಲ್ಲ. ಸಾಲು ಎಣಿಸುವುದೂ ಬೇಡ. ಒಂದು ಮೂಲೆಯನ್ನು ಓರೆಯಾಗಿ ಮಡಚಿದಾಗ ಪಕ್ಕದ ಅಂಚು ಕಡ್ಡಿಗೆ ಸರಿಯಾಗಿ ಕೂತರೆ ಚೌಕ ಮುಗಿಯಿತು. ಕೈಚೀಲದಲ್ಲಿ ಒಂದೇ ಉಂಡೆ ಹಿಡಿಸಿದರೆ ಸಾಕು. ಉಕ್ಕಿನ ಕಡ್ಡಿ ಮಾತ್ರ ಒಯ್ಯಬೇಡಿ. ನಿಶ್ಶಬ್ದ ವಾರ್ಡಿನಲ್ಲಿ ಅದು ಕೆಳಗೆ ಬಿದ್ದಾಗ ಎಲ್ಲರೂ ತಿರುಗಿ ನೋಡಿದ್ದು ನನಗೆ ಇನ್ನೂ ನೆನಪಿದೆ. ಬಿದಿರಿನ ಕಡ್ಡಿ ವಾಸಿ.

ಧಾರವಾಡದಿಂದ: ಬಿಚ್ಚುವ ಕಾಟಕ್ಕೆ ಒಂದು ಉಪಾಯ. ಲೆಕ್ಕ ಸರಿಯಿರುವ ಸಾಲು ಮುಗಿದೊಡನೆ, ಬೇರೆ ಬಣ್ಣದ ಹತ್ತಿ ದಾರವನ್ನು ದಪ್ಪ ಸೂಜಿಗೆ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳೊಳಗಿಂದ ಹಾಯಿಸಿ ಬಿಡಿ. ಮುಂದೆ ಎಷ್ಟೇ ತಪ್ಪಿದರೂ ಬಿಚ್ಚುವುದು ಆ ದಾರದವರೆಗೆ ಮಾತ್ರ. ಇನ್ನೊಂದು ಮಾತು, ತೋಳಿಗೂ ಜಡೆ ಯಾಕೆ? ಎಳೆಗೂಸು ಅದನ್ನು ಎಣಿಸಿ ನೋಡುತ್ತದೆಯೇ!

ಬೆಂಗಳೂರಿನಿಂದ: ನಾನು ಬಿಟ್ಟೆ. ಅಪ್ಪನ ಕೊನೆಯ ನಾಲ್ಕು ತಿಂಗಳು ಕಡ್ಡಿ ಮುಟ್ಟಲಿಲ್ಲ. ನೋಡಲು ಬಂದ ಬಂಧುಗಳೊಬ್ಬರು, ‘ಇಷ್ಟೆಲ್ಲ ಆಗುತ್ತಿದ್ದರೂ ಇವಳಿಗೆ ಉಣ್ಣೆಯ ಚಿಂತೆ’ ಎಂದಿದ್ದರು. ಅದಕ್ಕೆ ಬಿಟ್ಟೆನೆಂದಲ್ಲ, ನಿಜವಾಗಿಯೂ ಮನಸ್ಸಿರಲಿಲ್ಲ. ವರ್ಷದ ನಂತರ ತೆಗೆದರೆ ಉಣ್ಣೆ ಸಾಲದು, ಅದೇ ಬಣ್ಣದ ಹೊಸ ಉಂಡೆ ತಂದರೆ ಛಾಯೆ ಬೇರೆ. ನಿಲ್ಲಿಸುವುದಾದರೆ ಉಂಡೆಯ ಸುತ್ತಿನ ಚೀಟಿ ಎಸೆಯಬೇಡಿ, ಲಾಟ್ ಸಂಖ್ಯೆ, ಅಂದರೆ ಯಾವ ಸಲದ ಬಣ್ಣದಲ್ಲಿ ಅದ್ದಿದ ಉಣ್ಣೆ ಎಂಬ ಗುರುತು, ಅದರಲ್ಲೇ ಇರುತ್ತದೆ. ಬೇಕಾಗುವಷ್ಟನ್ನು ಈಗಲೇ ಕೊಂಡಿಡಿ.

ಮಡಿಕೇರಿಯಿಂದ: ನಮ್ಮಮ್ಮನಿಗೆ ಮರೆವಿನ ಕಾಯಿಲೆ. ನಾನು ರಾತ್ರಿ ಹೆಣೆದದ್ದನ್ನು ಬೆಳಿಗ್ಗೆ ಬಿಚ್ಚಿ ಅಚ್ಚುಕಟ್ಟಾಗಿ ಉಂಡೆ ಸುತ್ತಿ ಇಟ್ಟಿರುತ್ತಿದ್ದರು. ಎರಡು ಸಲ ಅತ್ತುಬಿಟ್ಟೆ. ಮೂರನೇ ಸಲ ಅವರಿಗೇ ಬೇರೆ ಕಡ್ಡಿ, ಬೇರೆ ಉಂಡೆ ಕೊಟ್ಟೆ. ನನ್ನ ಹೆಸರು ತಡವರಿಸುವ ಅಮ್ಮ 20 ಕುಣಿಕೆ ಹಾಕಿ ಸೀದಾ ಸಾಲು ಹೆಣೆಯತೊಡಗಿದರು. ಪ್ರತಿ ಸಾಲಿಗೂ ಎಲ್ಲಿಂದಲೋ ಒಂದೊಂದು ಕುಣಿಕೆ ಹೆಚ್ಚಾಗಿ ಅದು ತ್ರಿಕೋನವಾಯಿತು. ಮುಟ್ಟಲಿಲ್ಲ, ಹಾಗೆಯೇ ಬಿಟ್ಟೆ. ಈಗ ಅದನ್ನೇ ತಲೆಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಮಳೆಗಾಲದ ಚಳಿಗೆ ಒಳ್ಳೆಯದಾಯಿತು. ನಿಮ್ಮ ಅತ್ತೆಯವರಿಗೆ ಒಂದು ಕೈಯಾದರೂ ಆಡುತ್ತಿದ್ದರೆ ಉಂಡೆ ಹಿಡಿದುಕೊಳ್ಳಲು ಕೇಳಿ ನೋಡಿ.

ಕೇಳಿದವರು, ಹಾಸನ: ಅತ್ತೆಯವರ ಎಡಗೈ ಆಡುತ್ತದೆ. ನಿನ್ನೆ ಉಂಡೆಯನ್ನು ಅವರ ಮಡಿಲಲ್ಲಿಟ್ಟು ದಾರ ಎಳೆದುಕೊಂಡೆ. ಸ್ವಲ್ಪ ಹೊತ್ತು ಹಿಡಿದಿದ್ದು, ಆಮೇಲೆ ಎಸೆದರು. ಸ್ವೆಟರಿಗೆ ತೋಳು ಹಾಕುವುದನ್ನು ಕೈಬಿಟ್ಟಿದ್ದೇನೆ. ತೋಳಿನ ಕಂಡಿಗೆ ಅಂಚು ಕಟ್ಟಿ ಗುಂಡಿ ಹೊಲಿದರೆ ಮುಗಿಯಿತು. ಉಳಿದ ಉಣ್ಣೆಯಲ್ಲಿ ಒಂದು ಕುಲಾವಿ ಆಗಬಹುದು, ಸಾದಾ.